ಕೆರೆಯ ದಂಡೆಯಲ್ಲಿ ವಿಜ್ಞಾನದ ಪಾಠ

ಮಳೆಗಾಲ ಮುಗಿದು ಕೆರೆಗಳಲ್ಲಿ ನೀರು ನಿಂತಿರುವ ಕಾಲದಲ್ಲಿ, ಶಾಲೆಯ ಮಾಸ್ತರು ಹುಡುಗರನ್ನು ಕೆರೆಗೆ ಕರೆದೊಯ್ಯುವೆನೆಂದರೆ ಒಪ್ಪದ ತಂದೆತಾಯಿಗಳು ನಮ್ಮಲ್ಲಿ ಅನೇಕರು. "ಓದಲಿಕ್ಕೆ ಕಳಿಸಿದ್ದೇವೆ, ಕಪ್ಪೆ ಹಿಡಿಯಲಿಕ್ಕಲ್ಲ" ಎನ್ನುವರು. ಕೂಲಿ ಮಾಡಿ ಮಗುವನ್ನು ಓದಿಸುವವನಿಗೆ ಒಂದೊಂದು ದಿನದ ಪಾಠಕ್ಕೂ ಬೆಲೆಯುಂಟು. ಆದುದರಿಂದ, ಕೆರೆಯ ದಂಡೆಯಲ್ಲಿ ಕಳೆದ ಅರ್ಧ ದಿನವು ಪಾಠವೇ ಆಗುವುದು ಹೇಗೆ, ಅದರಿಂದ ರೈತನ ಮನೆಗೆ ಬರುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮರಿಕಲ್, ಮಕ್ತಲ್, ಗದ್ವಾಲ ಭಾಗದ ಕನ್ನಡಿಗರ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. 1956ರಲ್ಲಿ ರಾಯಚೂರು ಆಚೆಗಾಯಿತು, ನಾವು ಈಚೆಗಾದೆವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಮನೆಯಲ್ಲಿ ಅವ್ವ ಕೋಡಿ, ತೂಬು, ಬೆಳ್ಳಕ್ಕಿ ಎನ್ನುತ್ತಾಳೆ. ತೆಲುಗು ಶಾಲೆಯ ಪುಸ್ತಕದಲ್ಲಿ ಅದೇ ಅಲುಗು, ತೂಮು, ಕೊಂಗ. ಪುಸ್ತಕದಲ್ಲಿ ಶಬ್ದ ಸಿಕ್ಕಿದರೂ ವಸ್ತು ಯಾವುದೆಂದು ತಿಳಿಯದೆ ಹುಡುಗನು ಬಾಯಿಪಾಠಕ್ಕೆ ಇಳಿಯುತ್ತಾನೆ. ಕೆರೆಯ ಬದಿಯಲ್ಲಿ ನಿಂತು ಬೆರಳು ತೋರಿಸಿದರೆ ವಸ್ತುವೊಂದೇ, ಹೆಸರು ಎರಡು ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ದೂರದ ಪಟ್ಟಣಗಳಿಗೆ ಕೂಲಿಗೆ ಹೋಗುವ ಮನೆಗಳ ಮಕ್ಕಳು, ನಡುವೆ ಶಾಲೆ ಬಿಟ್ಟು ಮತ್ತೆ ಬರುವವರು, ಇವರಿಗೆ ಈ ರೀತಿಯ ಪಾಠವು ಹೆಚ್ಚು ಅನುಕೂಲ. ಕೆರೆಯ ವಿಷಯದಲ್ಲಿ ಅವರು ಹಿಂದೆ ಬಿದ್ದವರಲ್ಲ. ಎಷ್ಟೋ ಸಲ ಮಾಸ್ತರಿಗಿಂತ ಮುಂದೆಯೇ ಇರುತ್ತಾರೆ.

ಇದಕ್ಕೆ ಬೇಕಾದ ಸಾಮಾನು ಅಲ್ಪ: ಎರಡು ಗಾಜಿನ ಶೀಸೆ, ಒಂದು ಬಿಳಿಯ ತಟ್ಟೆ, ಗೆರೆ ಹಾಕಿದ ಕೋಲು, ಹಳೆಯ ಬಟ್ಟೆಯಿಂದ ಮಾಡಿದ ಜಾಳಿಗೆ. ಔಷಧಿಯ ಶೀಸೆಯನ್ನು, ಅದರಲ್ಲೂ ಬೆಳೆಗೆ ಹೊಡೆಯುವ ಔಷಧಿಯದನ್ನು, ಎಷ್ಟು ತೊಳೆದಿದ್ದರೂ ಮುಟ್ಟಕೂಡದು.

ಮೊದಲು ಹೂಳಿನ ಪರೀಕ್ಷೆ. ಹಳ್ಳವು ಕೆರೆಗೆ ಸೇರುವ ಕಡೆಯ ಕೆಸರುನೀರನ್ನು ಒಂದು ಶೀಸೆಯಲ್ಲಿ ತುಂಬಿ ಅಲುಗಾಡಿಸಿ ಇಡಬೇಕು. ಉಸುಕು ನೋಡುತ್ತಿರುವಂತೆಯೇ ತಳಕ್ಕೆ ಇಳಿಯುತ್ತದೆ. ನಯವಾದ ಮಣ್ಣು ಕೆಲವು ತಾಸು ತೆಗೆದುಕೊಳ್ಳುತ್ತದೆ. ಜೇಡಿಯ ಅತಿ ಸಣ್ಣ ಕಣಗಳು ಮರುದಿನವೂ ನೀರಿನಲ್ಲಿ ತೇಲುತ್ತಿರುತ್ತವೆ. ಭಾರವಾದದ್ದು ಬೇಗ, ಸಣ್ಣದ್ದು ತಡವಾಗಿ ಇಳಿಯುತ್ತದೆಂಬ ನಿಯಮ ಹುಡುಗನಿಗೆ ತಿಳಿಯಿತು. ಆ ನಯವಾದ ಮಣ್ಣು ಎಲ್ಲಿಂದ ಬಂತೆಂದು ಕೇಳಿದರೆ, ಬದುವಿಲ್ಲದ ಹೊಲಗಳ ಕಡೆಗೆ ಅವನೇ ಕೈ ತೋರಿಸುವನು. ತೆಲಂಗಾಣ ಸರಕಾರವು 2015ರಲ್ಲಿ ಮಿಷನ್ ಕಾಕತೀಯ ಎಂಬ ಹೆಸರಿನಿಂದ ಕೆರೆಗಳ ಹೂಳು ತೆಗೆಸಲು ತೊಡಗಿತು. ಆ ಹೂಳನ್ನು ರೈತರು ಹೊಲಕ್ಕೆ ಹೊಡೆದುಕೊಂಡರು. ಹೊಲದಿಂದ ಹೋದ ಮಣ್ಣು ಗಾಡಿ ಬಾಡಿಗೆ ಕೊಟ್ಟು ಹೊಲಕ್ಕೆ ಬಂತು ಎನ್ನಲಡ್ಡಿಯಿಲ್ಲ.

ಎರಡನೆಯದು ನೀರಿನ ಅಳತೆ. ಗೆರೆ ಹಾಕಿದ ಕೋಲನ್ನು ದಂಡೆಯ ಬಳಿ ತಿಳಿನೀರಿನಲ್ಲಿ ದೊಡ್ಡವರೊಬ್ಬರು ನೆಟ್ಟು, ಹುಡುಗರು ವಾರಕ್ಕೊಮ್ಮೆ ದಂಡೆಯಿಂದಲೇ ನೋಡಿ ಬರೆದಿಡಬೇಕು. ನಮ್ಮ ಕಡೆಯ ಕಡು ಬೇಸಿಗೆಯಲ್ಲಿ ಬಿಸಿಲು ಗಾಳಿಗಳಿಗೆ ದಿನಕ್ಕೆ ಸುಮಾರು 1 ಸೆಂಟಿಮೀಟರ್ ನೀರು ಆವಿಯಾಗಿ ಹೋಗುವುದುಂಟು. ಒಂದು ಎಕರೆ ಹರವಿನ ಮೇಲೆ ಇದು ಸುಮಾರು 40 ಸಾವಿರ ಲೀಟರ್. ಹತ್ತು ಎಕರೆಯ ಕುಂಟೆಯಾದರೆ ದಿನಕ್ಕೆ 4 ಲಕ್ಷ ಲೀಟರ್, ತೂಬು ಎತ್ತದೆ, ಯಾರ ಗದ್ದೆಗೂ ಹೋಗದೆ! ಐದನೆಯ ತರಗತಿಯವರು ಮಾಡಬಲ್ಲ ಲೆಕ್ಕವಿದು. ಹರವು ಹೆಚ್ಚಾಗಿ ಆಳ ಕಡಿಮೆಯಾದ ಕೆರೆ ಏಕೆ ಬೇಗ ಬತ್ತುತ್ತದೆ, ಹೂಳು ತುಂಬಿದರೆ ನಷ್ಟವೇನು ಎಂಬುದಕ್ಕೆ ಉತ್ತರ ಈ ಲೆಕ್ಕದೊಳಗೇ ಇದೆ.

ಮೂರನೆಯದು ಜೀವಿಗಳದ್ದು, ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದೂ ಇದೇ. ದಂಡೆಯ ಜೊಂಡಿನ ಬುಡದಲ್ಲಿ ಜಾಳಿಗೆಯಾಡಿಸಿ ಬಿಳಿಯ ತಟ್ಟೆಯಲ್ಲಿ ನೀರು ಹಾಕಿ ಬಿಟ್ಟರೆ ಗೊದಮೊಟ್ಟೆ, ಬಸವನಹುಳು, ಸೊಳ್ಳೆಯ ಮರಿ ಕಾಣುತ್ತವೆ. ಅದೃಷ್ಟವಿದ್ದರೆ ಕಂದುಬಣ್ಣದ, ಆರು ಕಾಲಿನ, ರೆಕ್ಕೆಯಿಲ್ಲದ ವಿಕಾರವಾದ ಹುಳುವೊಂದು ಸಿಕ್ಕುವುದು. ಹುಡುಗರು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ, ತೆಲುಗರು ತೂನೀಗ ಎನ್ನುವ ಹುಳುವಿನ ಮರಿ ಇದು. ನೀರಿನಲ್ಲಿರುವಾಗ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ. ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆ, ನುಸಿಗಳನ್ನು ಹಿಡಿಯುತ್ತದೆ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಆಟವನ್ನು ಇದನ್ನು ನೋಡಿದ ಮೇಲೆ ಅನೇಕ ಹುಡುಗರು ತಾವಾಗಿಯೇ ಬಿಡುತ್ತಾರೆ. ನೋಡಿದ ಮೇಲೆ ಎಲ್ಲವನ್ನೂ ನೀರಿಗೆ ಮರಳಿ ಬಿಡತಕ್ಕದ್ದು.

ನೀರು ದಟ್ಟ ಹಸಿರಾಗಿದ್ದರೆ ಅದಕ್ಕೂ ಕಾರಣ ಹುಡುಕಬೇಕು. ಗದ್ದೆಗೆ ಎರಚಿದ ಯೂರಿಯಾ, ಡಿಎಪಿ ಮಳೆನೀರಿನೊಡನೆ ಕೆರೆಗೆ ಬಂದು ಪಾಚಿಯನ್ನು ಬೆಳೆಸುತ್ತವೆ. ಪಾಚಿಯು ಹಗಲು ಬಿಸಿಲಿನಲ್ಲಿ ಪ್ರಾಣವಾಯುವನ್ನು ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ಸತ್ತು ಕೊಳೆಯುವಾಗ ಮತ್ತಷ್ಟು ಖರ್ಚಾಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಯಾರೋ ವಿಷ ಹಾಕಿದರೆಂದು ಊರಲ್ಲಿ ಜಗಳ ಹತ್ತುವ ಮೊದಲು ಇದನ್ನೂ ವಿಚಾರಿಸುವುದು ಒಳ್ಳೆಯದು.

ಇಂಥ ಶಿಕ್ಷಣ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಗೋಡೆಯಾಚೆಗೆ ತರಲು ಹಿಂದೆಯೇ ಶ್ರಮಿಸಿದ್ದರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಶಿಕ್ಷಣದ ಕಾರ್ಯಕ್ರಮವು, 6ರಿಂದ 8ನೇ ತರಗತಿಯ ಹಳ್ಳಿಯ ಮಕ್ಕಳಿಗೆ ಕೈಯಿಂದ ಮಾಡಿ, ಹೊರಗೆ ನಡೆದು ನೋಡಿ ಕಲಿಯುವ ದಾರಿ ತೋರಿಸಿತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸವು ಹೀಗೆ ಮುಗಿದದ್ದು ದುಃಖದ ಸಂಗತಿ.

ಹಕ್ಕಿಗಳ ಮಾತಿಗೆ ಬಂದರೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಯಲ್ಲಿ ವಿಶ್ರಮಿಸುತ್ತವೆ. ಆ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ, ಸೇರಿದವು. ಅಂಕಸಮುದ್ರವು ರೈತರ ನೀರಾವರಿಗೆಂದೇ ಕಟ್ಟಿದ ಕೆರೆ. ನಮ್ಮ ದೇವರಕದ್ರ ಕಡೆಯ ಕೋಯಿಲ್‌ಸಾಗರವಾಗಲಿ, ಗದ್ವಾಲದ ಹತ್ತಿರದ ಜುರಾಲವಾಗಲಿ, ಊರ ಮುಂದಿನ ಕುಂಟೆಯಾಗಲಿ, ನೋಡಲು ಹೋದವನಿಗೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಹಣೆಗೆ ಬಿಳಿಯ ನಾಮ ಹಾಕಿದ ನಾಮದ ಕೋಳಿ ಇವುಗಳ ಪರಿಚಯಕ್ಕೆ ಕೊರತೆಯಿಲ್ಲ.

ಅಪಾಯದ ವಿಷಯದಲ್ಲಿ ತಂದೆತಾಯಿಗಳ ಅಂಜಿಕೆ ನ್ಯಾಯವಾದದ್ದು. ಹೂಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಳಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದಕ್ಕೆ ಇಳಿಯಬಹುದು. ಆದುದರಿಂದ ಮಕ್ಕಳು ನೀರಿಗೆ ಇಳಿಯಲೇಬಾರದು. ತಟ್ಟೆಗೆ ಬೇಕಾದ ನೀರನ್ನೂ ದೊಡ್ಡವರೇ ತರಬೇಕು. ಎಂಟು ಹತ್ತು ಮಕ್ಕಳಿಗೊಬ್ಬ ದೊಡ್ಡವರು, ಕೆರೆಯ ತಳ ಬಲ್ಲ ಊರಿನ ಬೆಸ್ತರೊಬ್ಬರು, ಉದ್ದನೆಯ ಹಗ್ಗ, ಹೋಗುವಾಗಲೂ ಬರುವಾಗಲೂ ತಲೆ ಎಣಿಕೆ, ಮರಳಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು, ಇಷ್ಟಕ್ಕೆ ಶಾಲೆಯವರು ಒಪ್ಪದಿದ್ದರೆ ಕಳಿಸದಿರುವುದೇ ಮೇಲು.

ವರ್ಷಕ್ಕೆ ಮೂರು ಸಲ ಹೋದರೆ ಸಾಕು. ಮಳೆ ನಿಂತ ಮೇಲೆ ಹೂಳು ಮತ್ತು ಹುಳುಗಳಿಗಾಗಿ, ಜನವರಿಯಲ್ಲಿ ಹಕ್ಕಿಗಳಿಗಾಗಿ, ಬೇಸಿಗೆಯ ರಜೆಗೆ ಮುಂಚೆ ಬತ್ತುವ ಕೆರೆಯ ಅಂಗಳ ನೋಡುವುದಕ್ಕಾಗಿ. ಆಗ ಬಿರುಕು ಬಿಟ್ಟ ಕೆಸರಿನಲ್ಲಿ ಕಪ್ಪೆಚಿಪ್ಪುಗಳನ್ನು ಆರಿಸಬಹುದು. ಬಳ್ಳಾರಿ ಜಾಲಿ ಎಷ್ಟು ದೂರ ಒಳಗೆ ಬಂದಿದೆಯೆಂದು ಹೆಜ್ಜೆ ಹಾಕಿ ಅಳೆದು, ಬರುವ ವರ್ಷದ ಹುಡುಗರಿಗಾಗಿ ಅದೇ ವಹಿಯಲ್ಲಿ ಬರೆದಿಡಬಹುದು.