ಹೈಬ್ರಿಡ್ ವಾಹನದ ಬ್ಯಾಟರಿ: ಹಣ ಕೊಡುವ ಮುನ್ನ ಸ್ಕ್ಯಾನರ್ ಪರೀಕ್ಷೆ

ರಾಮದುರ್ಗ ತಾಲೂಕಿನ ಸುರೇಬಾನ ನೇಕಾರಿಕೆಗೆ ಹೆಸರಾದ ಊರು. ಇಂತಹ ಊರುಗಳ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ವಾಹನವು ಅಂಗಡಿಯಷ್ಟೇ ಮುಖ್ಯವಾದ ಬಂಡವಾಳವಾಗಿದೆ. ನೂಲು ತರಲು, ಸೀರೆ ಕಳುಹಿಸಲು, ಬಾಕಿ ವಸೂಲಿಗಾಗಿ ಹುಬ್ಬಳ್ಳಿ, ಬೆಳಗಾವಿಗಳಿಗೆ ಹೋಗಿಬರಲು ಅದು ಬೇಕೇ ಬೇಕು. ಇಂಧನ ಉಳಿತಾಯದ ದೃಷ್ಟಿಯಿಂದ ಹೈಬ್ರಿಡ್ ಕಾರುಗಳತ್ತ ಒಲವು ಹೆಚ್ಚುತ್ತಿದ್ದು, ಅವು ಈಗ ಹಳೆಯ ವಾಹನಗಳ ಪೇಟೆಗೂ ಬರತೊಡಗಿವೆ. ಇಂಥ ವಾಹನದಲ್ಲಿ ಅತ್ಯಂತ ಬೆಲೆಬಾಳುವ ಭಾಗಗಳಲ್ಲಿ ಒಂದಾದ ಬ್ಯಾಟರಿಯ ಸ್ಥಿತಿ ಹೊರನೋಟಕ್ಕೆ ತಿಳಿಯುವುದಿಲ್ಲ. ಅದನ್ನು ಅರಿಯಲು ಮೊಬೈಲ್ ಫೋನು ಮತ್ತು ಒಂದು ಪುಟ್ಟ ಉಪಕರಣ ನೆರವಾಗಬಲ್ಲವು. ಆದರೆ ಅವು ತೋರಿಸುವ ಅಂಕಿಗಳ ಅರ್ಥ ತಿಳಿಯದಿದ್ದಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು.

ಎರಡು ಬಗೆಯ ಹೈಬ್ರಿಡ್

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಹೊಂದಿರುವುದೇ ಹೈಬ್ರಿಡ್ ವಾಹನ. ಇದರಲ್ಲಿ ಪ್ಲಗ್-ಇನ್ ಬಗೆಯದಕ್ಕೆ ಮನೆಯ ವಿದ್ಯುತ್ ಸಂಪರ್ಕದಿಂದ ಚಾರ್ಜ್ ಮಾಡುವ ಸೌಲಭ್ಯವಿದೆ. ಭಾರತದಲ್ಲಿ ಇವುಗಳ ಸಂಖ್ಯೆ ಅತ್ಯಲ್ಪ. 2015ರಲ್ಲಿ ಬಂದ ಬಿಎಂಡಬ್ಲ್ಯು ಐ8, 2022ರಲ್ಲಿ ಬಂದ ಎಕ್ಸ್‌ಎಂ ಮುಂತಾದ ದುಬಾರಿ ಕಾರುಗಳು ಈ ವರ್ಗಕ್ಕೆ ಸೇರಿವೆ. ಎರಡನೆಯ ಬಗೆಯದು ಎಂಜಿನ್ ಮತ್ತು ಬ್ರೇಕಿನ ಶಕ್ತಿಯಿಂದಲೇ ತನ್ನ ಬ್ಯಾಟರಿಯನ್ನು ತುಂಬಿಕೊಳ್ಳುತ್ತದೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಕೂಡ ಅಲ್ಲಿಂದಲೇ ಹೊರಬಂದವು. ಎರಡೂ ಬಗೆಯ ಬ್ಯಾಟರಿಗಳ ಪರೀಕ್ಷಾಕ್ರಮ ಬಹುಮಟ್ಟಿಗೆ ಒಂದೇ.

ಉಪಕರಣದ ಪರಿಚಯ

ವಾಹನದ ದೋಷಗಳನ್ನು ವಾಹನವೇ ಗುರುತಿಸಿ ದಾಖಲಿಸುವ ವ್ಯವಸ್ಥೆಗೆ ಓಬಿಡಿ ಎಂದು ಹೆಸರು. ಅಮೆರಿಕದಲ್ಲಿ ಇದರ ಎರಡನೆಯ ಹಂತವು 1996ರಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಭಾರತದಲ್ಲಿ ಭಾರತ್ ಸ್ಟೇಜ್-4 ನಿಯಮಗಳಡಿ ಮೊದಲ ಹಂತ 2010ರಲ್ಲಿ, ಎರಡನೆಯ ಹಂತ 2013ರಲ್ಲಿ ಜಾರಿಗೆ ಬಂದಿತು. ಆದುದರಿಂದ ಈಚಿನ ಎಲ್ಲ ಕಾರುಗಳಲ್ಲಿಯೂ ಸ್ಟಿಯರಿಂಗ್ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ.

ಈ ಸಾಕೆಟ್‌ಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲ್‌ನಲ್ಲಿ ತಕ್ಕ ಆ್ಯಪ್ ಹಾಕಿಕೊಂಡರೆ ಮಾಹಿತಿ ಪರದೆಯ ಮೇಲೆ ಮೂಡುತ್ತದೆ. ಅಡಾಪ್ಟರ್‌ಗಳು ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೆ ದೊರೆಯುತ್ತವೆ. ತೀರ ಅಗ್ಗದ ನಕಲಿ ಅಡಾಪ್ಟರ್‌ಗಳು ಮಾಹಿತಿಯನ್ನು ಅರ್ಧಂಬರ್ಧ ತೋರಿಸುವುದುಂಟು. ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಸಾಮಾನ್ಯ ಆ್ಯಪ್‌ಗಳು ಎಂಜಿನ್ನಿನ ವಿವರ ನೀಡುತ್ತವೆ. ಬ್ಯಾಟರಿಯ ಒಳವಿವರಗಳು ತಯಾರಕರ ಪ್ರತ್ಯೇಕ ಸಂಕೇತಗಳಲ್ಲಿ ಇರುವುದರಿಂದ, ಟೊಯೋಟಾ ಹೈಬ್ರಿಡ್‌ಗಳಿಗಾಗಿ ಡಾ. ಪ್ರಿಯಸ್, ಹೈಬ್ರಿಡ್ ಅಸಿಸ್ಟೆಂಟ್‌ಗಳಂತಹ ವಿಶೇಷ ಆ್ಯಪ್‌ಗಳಿವೆ. ತಮ್ಮ ಮಾದರಿಗೆ ಅದು ಹೊಂದುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಚಾರ್ಜ್ ಬೇರೆ, ಆರೋಗ್ಯ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ಆ್ಯಪ್‌ನಲ್ಲಿ "ಹೈಬ್ರಿಡ್ ಬ್ಯಾಟರಿಯ ಉಳಿದ ಆಯುಷ್ಯ" ಎಂಬ ಅರ್ಥದ ಹೆಸರಿನಲ್ಲಿ ಒಂದು ಶೇಕಡಾ ಅಂಕಿ ಕಾಣುತ್ತದೆ. ಅನೇಕ ವಾಹನಗಳಲ್ಲಿ ಅದು ಆಯುಷ್ಯವಲ್ಲ. ಆ ಕ್ಷಣದಲ್ಲಿ ತುಂಬಿರುವ ಚಾರ್ಜ್ ಮಾತ್ರ. ಸಾಮಾನ್ಯ ಹೈಬ್ರಿಡ್ ವಾಹನವು ಬ್ಯಾಟರಿಯನ್ನು ಸುಮಾರು ಶೇ. 40ರಿಂದ 80ರ ನಡುವೆಯೇ ಇಟ್ಟುಕೊಳ್ಳುತ್ತದೆ. ಪೂರ್ತಿ ತುಂಬದಿರುವುದೂ, ಪೂರ್ತಿ ಬರಿದಾಗದಿರುವುದೂ ಅದರ ಬಾಳಿಕೆಗಾಗಿಯೇ. ಆದ್ದರಿಂದ ಶೇ. 58 ಎಂದು ಕಂಡರೆ ಕೊಳ್ಳುವವರು ಹೆದರಬೇಕಾಗಿಲ್ಲ, ಶೇ. 78 ಎಂದು ಮಾರುವವರು ತೋರಿಸಿದರೆ ಹಿಗ್ಗಬೇಕಾಗಿಯೂ ಇಲ್ಲ.

ಆರೋಗ್ಯವನ್ನು ಅರಿಯಲು ನೋಡಬೇಕಾದುದು ಬ್ಯಾಟರಿಯ ಭಾಗಗಳ ನಡುವಿನ ವೋಲ್ಟೇಜ್ ಅಂತರ. ಉದಾಹರಣೆಗೆ, 2010ರಲ್ಲಿ ಭಾರತಕ್ಕೆ ಬಂದ ಪ್ರಿಯಸ್ ಕಾರಿನ ಬ್ಯಾಟರಿಯಲ್ಲಿ 28 ಮಾಡ್ಯೂಲ್‌ಗಳಿದ್ದು, ಅವನ್ನು ಎರಡೆರಡಾಗಿ 14 ಗುಂಪು ಮಾಡಿ ಅಳೆಯಲಾಗುತ್ತದೆ. ಏರುದಾರಿಯಲ್ಲಿ ಎ.ಸಿ. ಚಾಲನೆಯಲ್ಲಿಟ್ಟು ವೇಗ ಹೆಚ್ಚಿಸಿದಾಗ 13 ಗುಂಪುಗಳು ಒಂದೇ ಮಟ್ಟದಲ್ಲಿದ್ದು, ಒಂದು ಮಾತ್ರ ಒಂದು ವೋಲ್ಟ್‌ಗೂ ಹೆಚ್ಚು ಕುಸಿದರೆ ಆ ಗುಂಪು ದುರ್ಬಲವಾಗಿದೆ ಎಂದು ಶಂಕಿಸಬೇಕು. ಚಕ್ಕಡಿಯ ಜೋಡಿ ಎತ್ತುಗಳಲ್ಲಿ ಒಂದು ಸೋತರೂ ಬಂಡಿ ಮುಂದೆ ಸಾಗದು. ಬ್ಯಾಟರಿಯ ಪಾಡೂ ಹಾಗೆಯೇ. ಪ್ಲಗ್-ಇನ್ ವಾಹನದಲ್ಲಿ ಇನ್ನೊಂದು ಮಾರ್ಗವುಂಟು. ಬರಿದಾದ ಬ್ಯಾಟರಿ ತುಂಬಲು ಎಷ್ಟು ಯೂನಿಟ್ ಬೇಕಾಯಿತೆಂದು ಬರೆದಿಟ್ಟು, ಚಾರ್ಜಿಂಗ್ ವೇಳೆ ಶಾಖವಾಗಿ ಹೋಗುವ ನಷ್ಟ ಕಳೆದು, ಹೊಸದಿದ್ದಾಗಿನ ಸಾಮರ್ಥ್ಯದೊಡನೆ ಹೋಲಿಸಬಹುದು.

ಅಳಿಸಿದ ದಾಖಲೆಯ ಸುಳಿವು

ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪವನ್ನು ಇದೇ ಸ್ಕ್ಯಾನರ್‌ನಿಂದ ಒಂದು ನಿಮಿಷದಲ್ಲಿ ಆರಿಸಬಹುದು. ದೋಷ ಹಾಗೆಯೇ ಉಳಿಯುತ್ತದೆ. ದೀಪ ಮಾತ್ರ ಆರಿರುತ್ತದೆ. ಹಳೆಯ ವಾಹನ ಕೊಳ್ಳುವವರಿಗೆ ಇದು ದೊಡ್ಡ ಅಪಾಯ. ಆದರೆ ಬಹುತೇಕ ವಾಹನಗಳು "ದೋಷಸಂಕೇತ ಅಳಿಸಿದ ನಂತರ ಕ್ರಮಿಸಿದ ದೂರ" ಎಂಬ ಲೆಕ್ಕವನ್ನೂ ಇಡುತ್ತವೆ. 80,000 ಕಿ.ಮೀ. ಓಡಿದ ಕಾರಿನಲ್ಲಿ ಆ ದೂರ ಕೇವಲ 12 ಕಿ.ಮೀ. ಎಂದಿದ್ದರೆ ಕಾರಣ ಕೇಳುವುದು ಕೊಳ್ಳುವವರ ಹಕ್ಕು. 12 ವೋಲ್ಟ್ ಬ್ಯಾಟರಿ ಬದಲಿಸಿದಾಗಲೂ ಕೆಲವು ವಾಹನಗಳಲ್ಲಿ ಈ ಲೆಕ್ಕ ಸೊನ್ನೆಗೆ ಮರಳುವುದರಿಂದ ಇದೊಂದರಿಂದಲೇ ಮೋಸವೆಂದು ನಿರ್ಧರಿಸಲಾಗದು. ವಾಹನವನ್ನು ಇನ್ನಷ್ಟು ದೂರ ಓಡಿಸಿ ಮರುಪರೀಕ್ಷಿಸಿದ ನಂತರವೇ ಮುಂಗಡ ಕೊಡುವುದು ಕ್ಷೇಮ.

ಹಾಗೆಯೇ ಪಿ0ಎ80 ಎಂಬ ಸಂಕೇತವು "ಹೈಬ್ರಿಡ್ ಬ್ಯಾಟರಿ ಬದಲಿಸಿ" ಎಂದು ಹೇಳಿದರೂ ಅದು ಅಂತಿಮ ತೀರ್ಪಲ್ಲ. ಒಂದೇ ಮಾಡ್ಯೂಲ್ ದುರ್ಬಲವಾಗಿರಬಹುದು ಅಥವಾ ಜೋಡಣೆಯ ತಾಮ್ರಪಟ್ಟಿಗೆ ಕಿಲುಬು ಹಿಡಿದಿರಬಹುದು. ಪೂರ್ತಿ ಬ್ಯಾಟರಿಯ ಬೆಲೆ ತೆರುವ ಮುನ್ನ ಪರಿಣತರಿಂದ ಪರೀಕ್ಷೆ ಮಾಡಿಸತಕ್ಕದ್ದು.

ನೂಲಿನ ಎಳೆ, ಧೂಳು ಮತ್ತು ಶಾಖ

ಟೊಯೋಟಾದ ಅನೇಕ ಹೈಬ್ರಿಡ್‌ಗಳಲ್ಲಿ ಆಸನದ ಬಳಿಯ ಕಿಂಡಿಯಿಂದ ಕಾರಿನೊಳಗಿನ ಗಾಳಿಯನ್ನು ಫ್ಯಾನೊಂದು ಎಳೆದು ಬ್ಯಾಟರಿಯನ್ನು ತಂಪಾಗಿಡುತ್ತದೆ. ಸೀರೆಯ ಗಂಟುಗಳನ್ನು ಆ ಕಿಂಡಿಗೆ ಒತ್ತಿ ಹೇರಿದರೆ, ಅಥವಾ ನೂಲಿನ ಎಳೆ, ಅರಳೆಯ ಧೂಳು ಜಾಲರಿಗೆ ತುಂಬಿದರೆ ಗಾಳಿ ಸಾಗುವುದಿಲ್ಲ. ನೇಕಾರಿಕೆಯ ಊರುಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಮಲಪ್ರಭಾ ದಂಡೆಯ ಊರುಗಳ ಬೇಸಿಗೆಯಲ್ಲಿ ಆ್ಯಪ್ ತೋರಿಸುವ ಬ್ಯಾಟರಿಯ ಶಾಖವು ಹಿಂದಿನ ತಿಂಗಳುಗಳಿಗಿಂತ ಏರುತ್ತಿದ್ದು, ಫ್ಯಾನ್ ಸದಾ ಅಧಿಕ ವೇಗದಲ್ಲಿ ತಿರುಗುತ್ತಿದ್ದರೆ ಜಾಲರಿ ಶುದ್ಧಗೊಳಿಸುವ ಕಾಲ ಬಂದಿದೆ ಎಂದರ್ಥ. ಅಲ್ಪವೆಚ್ಚದ ಈ ಕೆಲಸವು ದೊಡ್ಡ ವೆಚ್ಚವನ್ನು ತಪ್ಪಿಸಬಲ್ಲದು.

ವಾರಂಟಿಯ ಲೆಕ್ಕ

ಭಾರತದಲ್ಲಿ ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ನೀಡುತ್ತದೆ. ಮನೆಬಳಕೆಯ ವಾಹನಕ್ಕೆ 8 ವರ್ಷವೆಂಬುದು ಸರಿ. ಆದರೆ ವ್ಯಾಪಾರಕ್ಕಾಗಿ ದಿನಕ್ಕೆ 150 ಕಿ.ಮೀ.ನಂತೆ ವರ್ಷದಲ್ಲಿ 300 ದಿನ ಓಡುವ ವಾಹನವು 45,000 ಕಿ.ಮೀ. ಕ್ರಮಿಸುತ್ತದೆ, ಸುಮಾರು ಮೂರೂವರೆ ವರ್ಷದಲ್ಲಿಯೇ ಅವಧಿ ಮುಗಿಯುತ್ತದೆ. ಆದ್ದರಿಂದ ಅವಧಿ ಮುಗಿಯುವ ಕೆಲವು ತಿಂಗಳ ಮೊದಲೇ ಪರೀಕ್ಷಿಸಿ, ದೋಷ ಕಂಡಲ್ಲಿ ಲಿಖಿತವಾಗಿ ದೂರು ದಾಖಲಿಸುವುದು ಜಾಣತನ.

ಪಾಲಿಸಬೇಕಾದ ಎಚ್ಚರಿಕೆಗಳು

ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಾಪಾಯಕಾರಿ ವಿದ್ಯುತ್ ಹರಿಯುತ್ತದೆ, ಅವನ್ನು ಮುಟ್ಟಕೂಡದು. ಕೆಲಸ ಮುಗಿದ ಮೇಲೆ ಅಡಾಪ್ಟರ್ ತೆಗೆದಿಡಬೇಕು, ಇಲ್ಲದಿದ್ದಲ್ಲಿ 12 ವೋಲ್ಟ್ ಬ್ಯಾಟರಿ ಬರಿದಾಗಬಹುದು. ವಾಹನ ಓಡಿಸುತ್ತ ಪರದೆ ನೋಡದೆ, ಆ ಕೆಲಸವನ್ನು ಜೊತೆಗಿರುವವರಿಗೆ ಒಪ್ಪಿಸಬೇಕು. ಆ್ಯಪ್‌ನಲ್ಲಿ ಓದುವುದಷ್ಟೇ ಇರಲಿ. ಸೆಟ್ಟಿಂಗ್ ಬದಲಿಸುವ ಗೊಡವೆ ಬೇಡ.

ಕಿರ್ದಿ, ಖಾತೆ ಬರೆದಿಡುವ ವರ್ತಕರಿಗೆ ಒಂದು ದಿನದ ಅಂಕಿಗಿಂತ ತಿಂಗಳುಗಳ ಏರಿಳಿತವೇ ವ್ಯವಹಾರದ ನಿಜಸ್ಥಿತಿ ಹೇಳುತ್ತದೆಂಬುದು ತಿಳಿದ ಮಾತು. ಪ್ರತಿ ತಿಂಗಳ ಒಂದನೆಯ ತಾರೀಖು ಓಡಿದ ದೂರ, ವೋಲ್ಟೇಜ್ ಅಂತರ, ಬ್ಯಾಟರಿಯ ಶಾಖ ಹಾಗೂ ದೋಷಸಂಕೇತಗಳನ್ನು ಒಂದು ಪುಟದಲ್ಲಿ ಬರೆದಿಟ್ಟಲ್ಲಿ ವಾಹನಕ್ಕೂ ಒಂದು ಖಾತೆ ಸಿದ್ಧವಾಗುತ್ತದೆ. ಗ್ಯಾರೇಜಿನಲ್ಲಿ ಮಾತನಾಡುವಾಗಲೂ, ನಾಳೆ ವಾಹನ ಮಾರುವಾಗಲೂ ಆ ಪುಟವೇ ಮಾಲೀಕರ ಪರವಾದ ಸಾಕ್ಷಿ.