ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ಅಧ್ಯಯನ

ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ಅಧ್ಯಯನವು ಕಥೆ, ಕಾದಂಬರಿ, ಕವಿತೆ, ನಾಟಕ ಮೊದಲಾದ ಪ್ರಕಾರಗಳ ರಚನೆಯನ್ನೇ ಮುಖ್ಯ ವಿಷಯವನ್ನಾಗಿ ಹೊಂದಿರುವ ಉನ್ನತ ಶಿಕ್ಷಣದ ಒಂದು ಶಾಖೆ. ಸಾಹಿತ್ಯದ ಎಂ.ಎ. ಪದವಿಯಲ್ಲಿ ಇತರರ ಕೃತಿಗಳ ಓದು ಮತ್ತು ವಿಮರ್ಶೆಗೆ ಪ್ರಾಧಾನ್ಯವಿದ್ದರೆ, ಇಲ್ಲಿ ವಿದ್ಯಾರ್ಥಿಯ ಸ್ವಂತ ಬರಹವೇ ಅಧ್ಯಯನದ ಕೇಂದ್ರವಾಗಿರುತ್ತದೆ.

ಇತಿಹಾಸ

ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ 1936ರಲ್ಲಿ ಆರಂಭವಾದ ಬರಹಗಾರರ ಕಾರ್ಯಾಗಾರವು ಈ ಶಿಕ್ಷಣಕ್ರಮಕ್ಕೆ ಮಾದರಿಯಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದಲ್ಲಿ 1970ರಲ್ಲಿ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಇಂತಹದೇ ಎಂ.ಎ. ತರಗತಿಯನ್ನು ಪ್ರಾರಂಭಿಸಿದರು. 2017ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಜುವೊ ಇಶಿಗುರೊ ಅಲ್ಲಿನ ವಿದ್ಯಾರ್ಥಿ. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಇದೇ ಬ್ರಾಡ್‌ಬರಿ ಅವರ ಮಾರ್ಗದರ್ಶಕರಾಗಿದ್ದರು. 'ಸಂಸ್ಕಾರ' ಕಾದಂಬರಿ ಆ ಅವಧಿಯಲ್ಲಿ ರಚಿತವಾಯಿತು.

ಕಲಿಕಾ ವಿಧಾನ

ಕಾರ್ಯಾಗಾರದಲ್ಲಿ ವಿದ್ಯಾರ್ಥಿಯ ಕರಡನ್ನು ಸಹಪಾಠಿಗಳು ಮುಂಚಿತವಾಗಿ ಓದಿಕೊಂಡು ಬಂದು ಚರ್ಚಿಸುತ್ತಾರೆ. ಬಳಿಕ ಲೇಖಕ ಅದನ್ನು ತಿದ್ದಿ ಬರೆಯುತ್ತಾನೆ. ಪದವಿಯ ಕೊನೆಯಲ್ಲಿ ಸಂಶೋಧನ ಪ್ರಬಂಧಕ್ಕೆ ಬದಲಾಗಿ ಕಥಾಸಂಕಲನ ಅಥವಾ ಕಾದಂಬರಿಯ ಭಾಗದಂತಹ ಸ್ವಂತ ಕೃತಿಯನ್ನು ಸಲ್ಲಿಸಬಹುದು. ಅಮೆರಿಕದ ಎಂ.ಎಫ್.ಎ. ಪದವಿ ಸಾಮಾನ್ಯವಾಗಿ 2ರಿಂದ 3 ವರ್ಷ, ಬ್ರಿಟನ್ನಿನ ಎಂ.ಎ. 1 ವರ್ಷದ್ದಾಗಿರುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾನಿಲಯವು ಸೃಜನಶೀಲ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿಯನ್ನು ರೂಪಿಸಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಇದೇ ವಿಷಯದಲ್ಲಿ ಇಂಗ್ಲಿಷ್ ಡಿಪ್ಲೊಮಾ ನಡೆಸಿದೆ. ಕರ್ನಾಟಕದಲ್ಲಿ ಬರೆಯುವ ಆಸಕ್ತಿಯುಳ್ಳವರ ಸಾಮಾನ್ಯ ಹಾದಿ ಕನ್ನಡ ಎಂ.ಎ. ಪದವಿಯೇ ಆಗಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕುವೆಂಪು 1929ರಲ್ಲಿ ಈ ಪದವಿ ಪಡೆದು, ಅಧ್ಯಾಪಕರಾಗಿ, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕೊಣನೂರು, ಅರಕಲಗೂಡು, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣ ಭಾಗದ ವಿದ್ಯಾರ್ಥಿಗಳಿಗೆ ಹಾಸನದ ಹೇಮಗಂಗೋತ್ರಿಯಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ಅವಕಾಶವಿದೆ.

ಉದ್ಯೋಗಾವಕಾಶಗಳು

ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕಗಳೊಂದಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತೆ ಬೇಕಾಗುತ್ತದೆ. ನೆಟ್ ಪರೀಕ್ಷೆಯಲ್ಲಿ ಸೃಜನಶೀಲ ಬರವಣಿಗೆ ಪ್ರತ್ಯೇಕ ವಿಷಯವಲ್ಲ. ಆದುದರಿಂದ ಅಭ್ಯರ್ಥಿಯು ಕನ್ನಡ ಅಥವಾ ಇಂಗ್ಲಿಷಿನಂತಹ ವಿಷಯವನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಪದವಿಗೆ ಸೇರುವ ಮೊದಲೇ ಇದನ್ನು ಗಮನಿಸುವುದು ಅಗತ್ಯ. ಪತ್ರಿಕೋದ್ಯಮ, ಪ್ರಕಾಶನ ಸಂಸ್ಥೆಗಳಲ್ಲಿ ಸಂಪಾದನೆ, ಅನುವಾದ, ಜಾಹೀರಾತು, ಧಾರಾವಾಹಿ ಮತ್ತು ಚಲನಚಿತ್ರಗಳ ಸಂಭಾಷಣೆ ಇತರ ಕ್ಷೇತ್ರಗಳು. ಇವುಗಳಲ್ಲಿ ಪದವಿಗಿಂತ ಬರಹದ ಮಾದರಿಗಳಿಗೆ ಹೆಚ್ಚಿನ ಬೆಲೆಯಿದೆ. ಗೌರವಧನವೊಂದರಿಂದಲೇ ಜೀವನ ನಡೆಸುವುದು ಬಹುತೇಕ ಲೇಖಕರಿಗೆ ಕಷ್ಟಸಾಧ್ಯ.

ಹಾಸನ ಜಿಲ್ಲೆಯ ಲೇಖಕರು

ಈ ಜಿಲ್ಲೆಯ ನಂಟುಳ್ಳ ಲೇಖಕರ ಬದುಕು ಬರವಣಿಗೆ ಮತ್ತು ವೃತ್ತಿಯ ವಿಭಿನ್ನ ಸಂಬಂಧಗಳನ್ನು ತೋರಿಸುತ್ತದೆ. ಅರಕಲಗೂಡು ಮನೆತನದ ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿ, ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪನವರು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮತ್ತು ಬರೋಡಾದಿಂದ ಪಿಎಚ್.ಡಿ. ಪಡೆದು ಅಧ್ಯಾಪಕ ವೃತ್ತಿಯ ಜೊತೆಯಲ್ಲಿ ಕಾದಂಬರಿಗಳನ್ನು ಬರೆದರು. ಹಾಸನದ ಬಾನು ಮುಷ್ತಾಕ್ ಪತ್ರಕರ್ತೆಯಾಗಿ, ವಕೀಲರಾಗಿ ದುಡಿಯುತ್ತಲೇ ಕಥೆಗಳನ್ನು ಬರೆದವರು. ದೀಪಾ ಭಾಸ್ತಿ ಅನುವಾದಿಸಿದ ಅವರ 12 ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. 50,000 ಪೌಂಡುಗಳ ಬಹುಮಾನವು ಲೇಖಕಿ ಮತ್ತು ಅನುವಾದಕಿಗೆ ಸಮನಾಗಿ ಹಂಚಿಕೆಯಾಗುವುದರಿಂದ, ಅನುವಾದವೂ ಸೃಜನಶೀಲ ಬರವಣಿಗೆಯೇ ಎಂಬ ಮನ್ನಣೆ ಇದರಲ್ಲಿ ಅಡಗಿದೆ. ಈ ಮೂವರಲ್ಲಿ ಯಾರೂ ಸೃಜನಶೀಲ ಬರವಣಿಗೆಯ ಪದವೀಧರರಲ್ಲ.

ಟೀಕೆಗಳು

ಬರವಣಿಗೆಯನ್ನು ಕಲಿಸಲು ಸಾಧ್ಯವಿಲ್ಲ, ಕಾರ್ಯಾಗಾರಗಳು ಒಂದೇ ಅಚ್ಚಿನ ಶೈಲಿಯನ್ನು ಬೆಳೆಸುತ್ತವೆ ಎಂಬ ಆಕ್ಷೇಪಗಳಿವೆ. ಪ್ರತಿಭೆಯನ್ನು ಕಲಿಸಲಾಗದಿದ್ದರೂ ತಿದ್ದುವ ಶಿಸ್ತು, ಗಮನವಿಟ್ಟು ಓದುವ ಅಭ್ಯಾಸ ಹಾಗೂ ಬರೆಯಲು ಬೇಕಾದ ಸಮಯವನ್ನು ಇಂತಹ ಅಧ್ಯಯನ ಒದಗಿಸುತ್ತದೆ ಎಂಬುದು ಸಮರ್ಥಕರ ವಾದ.