ಬೆಂಡಿಲ್ಲದೆ ತೇಲುವ ನೊಣ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಗರೆಯ ಬಳಿ, ಹಳೇಬೀಡಿನ ರಸ್ತೆ ಕವಲೊಡೆಯುತ್ತದೆ. ಶಿಲ್ಪಗಳನ್ನು ಕಾಣಹೊರಟ ಯಾತ್ರಿಕರು ಇಲ್ಲಿ ನಿಂತರೆ ಒಂದು ಲೋಟ ಕಾಫಿಗಾಗಿ ಮಾತ್ರ. ಆದರೆ ಇದು ಕೆರೆಗಳ ಸೀಮೆ; ಹೊಯ್ಸಳರ ರಾಜಧಾನಿಯಾದ ದೋರಸಮುದ್ರಕ್ಕೆ ಹೆಸರು ಬಂದುದೇ ಕೆರೆಯಿಂದ. ಇಂತಹ ಕೆರೆಯ ದಡದಲ್ಲಿ ಅರ್ಧ ಗಳಿಗೆ ಕುಳಿತವರಿಗೆ ಎರಡು ಬಗೆಯ ತೇಲುವಿಕೆ ಕಣ್ಣಿಗೆ ಬೀಳುತ್ತದೆ. ಗಾಳ ಹಾಕಿ ಕುಳಿತವನ ಬೆಂಡು ಒಂದು. ಅದರ ಸುತ್ತಮುತ್ತ ನೀರಿನ ಮೇಲೆ ಸರಸರನೆ ಜಾರಿ ಓಡುವ ಉದ್ದಕಾಲಿನ ಹುಳು ಇನ್ನೊಂದು.

ಬೆಂಡು ತೇಲುವುದೇತಕ್ಕೆಂದು ಶಾಲೆಯ ಹುಡುಗನೂ ಹೇಳಿಯಾನು: ಅದು ನೀರಿಗಿಂತ ಹಗುರ. ಹುಳುವಿನ ಸಂಗತಿ ಹಾಗಲ್ಲ. ಬೆಂಡು ಅರ್ಧ ಮುಳುಗಿ ತೇಲಿದರೆ ಹುಳು ಮುಳುಗುವುದೇ ಇಲ್ಲ. ಚಾಪೆಯ ಮೇಲೆ ನಿಂತಂತೆ ನಿಂತಿರುತ್ತದೆ. ಈ ಎರಡನೆಯ ವಿದ್ಯೆಯನ್ನೇ ನಂಬಿ ಮೀನು ಹಿಡಿಯುವ ಒಂದು ಕ್ರಮವುಂಟು. ಅದರಲ್ಲಿ ಎರೆಹುಳುವೂ ಇಲ್ಲ, ಬೆಂಡೂ ಇಲ್ಲ. ಸಣ್ಣ ಉಕ್ಕಿನ ಗಾಳಕ್ಕೆ ದಾರ ಸುತ್ತಿ, ಹುಂಜದ ಕತ್ತಿನ ಗರಿಯನ್ನು ಬಿಗಿದು, ನೊಣದ ವೇಷ ತೊಡಿಸಿ ಹರಿಯುವ ನೀರಿನ ಮೇಲೆ ಬಿಡುವುದು. ಮೇಲೆಯೇ ತೇಲಬೇಕಾದುದರಿಂದ ಇದಕ್ಕೆ ‘ಡ್ರೈ ಫ್ಲೈ’, ಅಂದರೆ ಒಣ ನೊಣ, ಎಂದು ಹೆಸರು.

ಗರಿಯ ನೊಣದಿಂದ ಮೀನು ಹಿಡಿಯುವ ಹವ್ಯಾಸ ಕನ್ನಡ ನಾಡಿಗೆ ತೀರ ಅಪರಿಚಿತವೇನಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನೆರೆಯ ನೀಲಗಿರಿಯ ತಣ್ಣನೆಯ ತೊರೆಗಳಿಗೆ ಆಂಗ್ಲರು ಟ್ರೌಟ್ ಮೀನನ್ನು ತಂದು ಬಿಟ್ಟರು. ನೀರಿನ ಮೇಲೆ ಕುಳಿತ ಹುಳುವನ್ನು ಕೆಳಗಿನಿಂದ ಎದ್ದು ಬಂದು ಕಬಳಿಸುವುದು ಈ ಮೀನಿನ ಸ್ವಭಾವ. ಒಣ ನೊಣದ ಶಾಸ್ತ್ರ ಬೆಳೆದುದೇ ಅದರ ಸಲುವಾಗಿ. ಇಂಗ್ಲೆಂಡಿನ ಫ್ರೆಡರಿಕ್ ಹಾಲ್‌ಫರ್ಡ್ ತೇಲುವ ನೊಣಗಳನ್ನು ಕಟ್ಟುವ ಬಗೆಯನ್ನು ಕುರಿತು 1886ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ಭಾರ. ಅದು ತೇಲುವುದೆಂತು? ಉತ್ತರ ಅಡುಗೆಮನೆಯಲ್ಲಿಯೇ ಇದೆ. ಅಗಲವಾದ ಬಟ್ಟಲಿನಲ್ಲಿ ಶುದ್ಧವಾದ ನೀರನ್ನು ತುಂಬಿ, ನೀರು ಹೀರುವ ತೆಳುಕಾಗದದ ಚೂರೊಂದರ ಮೇಲೆ ಸಣ್ಣ ಹೊಲಿಗೆಯ ಸೂಜಿಯನ್ನಿಟ್ಟು ಮೆಲ್ಲನೆ ತೇಲಿಬಿಡಬೇಕು. ಕಾಗದ ನೆನೆದು ತಾನಾಗಿ ಮುಳುಗದಿದ್ದರೆ ಕಡ್ಡಿಯಿಂದ ಒತ್ತಿ ಇಳಿಸಬಹುದು. ಸೂಜಿ ಮೇಲೆಯೇ ಉಳಿಯುತ್ತದೆ. ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದರೆ, ಹಾಸಿಗೆಯ ಮೇಲೆ ಮಲಗಿದವರ ಕೆಳಗೆ ಹಾಸಿಗೆ ತಗ್ಗುವಂತೆ, ಸೂಜಿಯ ಕೆಳಗೆ ನೀರು ತಗ್ಗಿರುವುದು ಕಾಣುತ್ತದೆ. ನೀರಿನ ಕಣಗಳು ಒಂದನ್ನೊಂದು ಸೆಳೆದುಕೊಳ್ಳುವುದರಿಂದ ಮೇಲ್ಮೈ ಬಿಗಿದ ಚರ್ಮದಂತೆ ವರ್ತಿಸುತ್ತದೆ. ಇದೇ ಮೇಲ್ಮೈ ಎಳೆತ. ನೀರು ವಸ್ತುವನ್ನು ಮುಟ್ಟುವ ಗೆರೆಯ ಒಂದೊಂದು ಸೆಂಟಿಮೀಟರಿಗೂ ಈ ಚರ್ಮ ಹೆಚ್ಚೆಂದರೆ ಸುಮಾರು 70 ಮಿಲಿಗ್ರಾಂ ಭಾರವನ್ನು ಹೊರಬಲ್ಲದು. ಅಲ್ಪವೆಂದು ತೋರಬಹುದು, ಆದರೆ ಗರಿಯ ಮಹಿಮೆ ಇರುವುದು ಇಲ್ಲಿಯೇ. ಹತ್ತಾರು ಎಳೆಗಳು ಸುತ್ತಲೂ ಚಾಚಿಕೊಂಡಾಗ ಆ ಗೆರೆಯ ಒಟ್ಟು ಉದ್ದ ಬೆಳೆಯುತ್ತದೆ, ಭಾರ ಹಂಚಿಹೋಗುತ್ತದೆ. ಹುಂಜದ ಬಿರುಸಾದ ಗರಿಯನ್ನು ಆರಿಸುವುದೂ ಇದಕ್ಕೇ. ಮೆತ್ತನೆಯ ಗರಿ ನೆನೆದು ಗಾಳಕ್ಕೆ ಅಂಟಿಕೊಂಡುಬಿಡುತ್ತದೆ. ನೀರನ್ನು ನೆಟ್ಟಗೆ ಚುಚ್ಚುವ ತುದಿಗಿಂತ ಅಡ್ಡಲಾಗಿ ಒರಗುವ ಎಳೆಯೇ ಹೆಚ್ಚು ಭಾರ ಹೊರುತ್ತದೆ.

ಆದರೆ ಒಂದು ನಿಬಂಧನೆ: ನೀರು ಎಳೆಗೆ ಅಂಟಬಾರದು. ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ಹನಿ ಮುತ್ತಾಗಿ ಉರುಳುವುದನ್ನು ಮಲೆನಾಡಿನವರು ದಿನವೂ ಕಾಣುತ್ತಾರೆ. ಗರಿಗೂ ಅಂತಹ ಗುಣ ಬರಬೇಕು. ಹಾಲ್‌ಫರ್ಡನ ಕಾಲದಲ್ಲಿ ಅದಕ್ಕೆ ಪ್ಯಾರಫಿನ್ ಎಣ್ಣೆಯನ್ನು ಸವರುತ್ತಿದ್ದರು. ಈಗ ಸಿಲಿಕೋನ್ ಬಂದಿದೆ. ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯಿದ್ದು, ಅದರ ಸುತ್ತಲಿನ ನಯವಾದ ಪುಕ್ಕವನ್ನು ಬಳಸುವವರೂ ಉಂಟು. ಆ ಪುಕ್ಕದ ನವುರಾದ ಎಳೆಗಳ ನಡುವೆ ಗಾಳಿಯೂ ಸಿಕ್ಕಿಕೊಂಡಿರುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ಮೀನು ಕಚ್ಚಿತೆಂದರೆ ಅದರ ಲೋಳೆ ಮೆತ್ತಿ ನೊಣ ಮುಳುಗತೊಡಗುತ್ತದೆ. ಮತ್ತೆ ತೊಳೆದು ಒಣಗಿಸಬೇಕು. ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸುವ ಆ ಠೀವಿ ಬರಿಯ ಬೆಡಗಲ್ಲ, ನೊಣದ ನೀರನ್ನು ಕೊಡವುವ ಉಪಾಯ.

ಕೆರೆಯ ಹುಳುವಿಗೆ ಈ ತಾಪತ್ರಯ ಯಾವುದೂ ಇಲ್ಲ. ಅದರ ಕಾಲಿನಲ್ಲಿ ಮೇಣ ಸವರಿದಂತಹ ಸಾವಿರಾರು ಸೂಕ್ಷ್ಮ ರೋಮಗಳಿವೆ. ಇಂತಹ ಹುಳುವಿನ ಒಂದೇ ಕಾಲು ಅದರ ಮೈಭಾರದ ಸುಮಾರು ಹದಿನೈದು ಪಟ್ಟನ್ನು ಹೊರಬಲ್ಲದೆಂದು ಚೀನದ ಇಬ್ಬರು ವಿಜ್ಞಾನಿಗಳು 2004ರಲ್ಲಿ ಅಳೆದು ತೋರಿಸಿದರು. ಮನುಷ್ಯ ಕಟ್ಟಿದ ಯಾವ ನೊಣಕ್ಕೆ ಈ ಭಾಗ್ಯವಿದೆ?

ಗರಿಯ ಈ ಶೋಕಿಗೆ ನಮ್ಮ ಪಶ್ಚಿಮ ಘಟ್ಟವೂ ಬೆಲೆ ತೆತ್ತಿದೆ. ಇಲ್ಲಿನ ಬೂದುಬಣ್ಣದ ಕಾಡುಕೋಳಿಯ ಹುಂಜಕ್ಕೆ ಕತ್ತಿನ ಗರಿಗಳಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಗಳಿವೆ. ತೇಲಿಸುವುದರಲ್ಲಿ ಅವುಗಳ ಪಾತ್ರ ಹೆಚ್ಚಿನದಲ್ಲ. ಬಹುಮಟ್ಟಿಗೆ ಅಲಂಕಾರಕ್ಕಾಗಿ, ಅದರಲ್ಲಿಯೂ ಸಾಲ್ಮನ್ ಮೀನಿನ ನೊಣಗಳಿಗಾಗಿ, ಆ ಹಕ್ಕಿಯನ್ನು ಕೊಂದು ಕತ್ತಿನ ತೊಗಲನ್ನು ವಿಲಾಯತಿಗೆ ಸಾಗಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಅದಕ್ಕೆ ರಕ್ಷೆಯಾಗಿದೆ.

ಹುಳುವಿಗೆ ಕಂಟಕ ಬೇರೆಯೇ ಇದೆ. ಬಟ್ಟಲಿನ ಸೂಜಿಯ ಪಕ್ಕದಲ್ಲಿ ಸೋಪಿನ ನೀರಿನ ಒಂದೇ ತೊಟ್ಟನ್ನು ಬಿಟ್ಟು ನೋಡಬಹುದು. ಸೂಜಿ ಥಟ್ಟನೆ ತಳ ಸೇರುತ್ತದೆ. ಸೋಪು ನೀರಿನ ಎಳೆತವನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು, ಒದ್ದೆಯಾಗದ ಮೈಯನ್ನೂ ಒದ್ದೆಯಾಗಿಸಬಲ್ಲದು. ಕೆರೆಯ ಸೋಪಾನದಲ್ಲಿ ಪುಡಿ ಹಾಕಿ ಬಟ್ಟೆ ಒಗೆಯುವಾಗ ಹರಿದಿಳಿಯುವ ನೊರೆಯೂ ದಡದಂಚಿನಲ್ಲಿ ಇದನ್ನೇ ಮಾಡುತ್ತದೆ. ಆ ನೊರೆ ದಟ್ಟವಾಗಿ ಹಬ್ಬಿದೆಡೆಗೆ ಉದ್ದಕಾಲಿನ ಹುಳು ಜಾರಿ ಬಂತೆಂದರೆ ಅದರ ಕಾಲ ಕೆಳಗಿನ ಚಾಪೆಯನ್ನು ಯಾರೋ ಎಳೆದುಕೊಂಡಂತಾಗಿ, ಸೂಜಿಯಂತೆಯೇ ಅದೂ ಮುಳುಗುತ್ತದೆ.